ಆಸ್ಪತ್ರೆ ಹಡಗು ಬ್ರಿಟಾನಿಕ್, 1:400 ಮಾಡೆಲ್ ಕಿಟ್: ಅರ್ಧ ಕೆಲಸ ಬಿಳಿ ಬಣ್ಣದ್ದೇ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಪ್ಲಾಸ್ಟಿಕ್ ಭಾಗಗಳಿಗೆ ನಾಲ್ಕು, ಡೆಕಾಲ್‌ಗೆ (ನೀರಲ್ಲಿ ನೆನೆಸಿ ಅಂಟಿಸುವ ಅಚ್ಚಿನ ಚಿತ್ರ) ಒಂದೂವರೆ, ಜೊತೆಗೆ ಬಂದ ಇತಿಹಾಸದ ಪುಸ್ತಿಕೆಗೆ ಸೊನ್ನೆ. ಹಾಗಂತ ತಗೊಂಡಿದ್ದಕ್ಕೆ ಬೇಜಾರಿಲ್ಲ. ಮೂರು ತಿಂಗಳು ದಿನಾ ಸಂಜೆ ಇದರ ಮುಂದೆ ಕೂತಿದ್ದೇನೆ, ಮನೆಯವರು ಊಟಕ್ಕೆ ಎರಡೆರಡು ಸಲ ಕರೆಯುವಷ್ಟು ಮುಳುಗಿದ್ದೇನೆ. ಕಂಪನಿ ಹೆಸರು ಬರೆಯುವುದಿಲ್ಲ. ಜಗಳ ಆಡೋ ಉದ್ದೇಶ ಇಲ್ಲ. ಆಸ್ಪತ್ರೆ ಹಡಗಿನ ಕಿಟ್ ಕೊಳ್ಳುವವರು ಏನೇನು ನೋಡಬೇಕು ಅನ್ನೋದನ್ನಷ್ಟೇ ಹೇಳಬೇಕಿದೆ.

ಡಬ್ಬಿ ತೆರೆದರೆ ಹಡಗಿನ ಒಡಲು ಎರಡು ಹೋಳಾಗಿ ಸಿಗುತ್ತದೆ. ಜೋಡಿಸಿದ ಮೇಲೆ ಸುಮಾರು 67 ಸೆಂಟಿಮೀಟರ್ ಉದ್ದ. ನಿಜವಾದ ಹಡಗು 269 ಮೀಟರ್ ಇತ್ತು, 48 ಸಾವಿರ ಟನ್ ಮೇಲಿತ್ತು. ಅಳತೆ ಸರಿ ಇದೆ, ಎರಡು ಹೋಳು ಕೂರುವುದೂ ಚೆನ್ನಾಗಿದೆ, ಮೂತಿಯ ಹತ್ತಿರ ಮಾತ್ರ ಸ್ವಲ್ಪ ಪುಟ್ಟಿ ಬೇಕು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 'ಟೈಟಾನಿಕ್‌ನ ತಂಗಿ' ಅಂತ ಹಾಕಿದ್ದಾರೆ, ಸರಿ, ವ್ಯಾಪಾರ ನಡೀಬೇಕಲ್ವಾ. ಆದರೆ ಡೆಕಾಲ್ ಹಾಳೆ ಎರಡು ಇವೆ. ಒಂದು ಆಸ್ಪತ್ರೆ ಹಡಗಿಗೆ, ಇನ್ನೊಂದು ಕಪ್ಪು ಒಡಲಿನ ಪ್ರಯಾಣಿಕರ ಹಡಗಿಗೆ, ಮೇಲೆ ಚಿನ್ನದ ಗೆರೆ ಬೇರೆ. ಈ ಹಡಗು ಟಿಕೆಟ್ ಕೊಂಡ ಒಬ್ಬನೇ ಒಬ್ಬ ಪ್ರಯಾಣಿಕನನ್ನೂ ಕರೆದುಕೊಂಡು ಹೋಗಿಲ್ಲ. ಕೆಲಸ ಮುಗಿಯುವ ಮೊದಲೇ ಮೊದಲನೇ ಮಹಾಯುದ್ಧ ಬಂತು, 1915ರ ನವೆಂಬರ್‌ನಲ್ಲಿ ಸರ್ಕಾರ ವಶಕ್ಕೆ ತಗೊಂಡಿತು, ಡಿಸೆಂಬರ್ 23ಕ್ಕೆ ಲಿವರ್‌ಪೂಲ್‌ನಿಂದ ಗ್ರೀಸಿನ ಲೆಮ್ನೋಸ್ ದ್ವೀಪದ ಮುದ್ರೋಸ್ ಬಂದರಿಗೆ ಹೊರಟಿತು. ಟರ್ಕಿಯ ಗ್ಯಾಲಿಪೊಲಿ ಯುದ್ಧದ ಗಾಯಾಳುಗಳು ಅಲ್ಲಿ ಕಾಯುತ್ತಿದ್ದರು. ಇಲ್ಲದ ವೇಷಕ್ಕೆ ಒಂದು ಇಡೀ ಹಾಳೆ ಖರ್ಚು ಮಾಡಿ, ಇದ್ದ ವೇಷದ ಹಾಳೆಯನ್ನು ಕಳಪೆಯಾಗಿ ಪ್ರಿಂಟ್ ಮಾಡಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಬಿಳಿ ಬಣ್ಣ. ಮಾಡೆಲ್ ಮಾಡುವವರಿಗೆ ಗೊತ್ತು, ಬಿಳಿಯಷ್ಟು ಕಾಡುವ ಬಣ್ಣ ಇನ್ನೊಂದಿಲ್ಲ. ತೆಳ್ಳಗೆ ಹೊಡೆದರೆ ಕೆಳಗಿನದು ಕಾಣುತ್ತೆ, ದಪ್ಪ ಹೊಡೆದರೆ ಕಿಟಕಿ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ನಾನು ತಿಳಿ ಬೂದು ಪ್ರೈಮರ್ ಹಾಕಿ, ಏರ್‌ಬ್ರಶ್‌ನಲ್ಲಿ ಆರು ಕೋಟ್ ಹೊಡೆದೆ. ಒಂದೊಂದಕ್ಕೂ ಒಂದು ರಾತ್ರಿ ಒಣಗಿಸಿದೆ. ನಾಲ್ಕನೇ ಕೋಟ್‌ಗೆ ಒಂದು ಕೂದಲು ಅಂಟಿಕೊಂಡು, ಅಷ್ಟು ಜಾಗ ತಿಕ್ಕಿ ತೆಗೆದು ಮತ್ತೆ ಹೊಡೆಯಬೇಕಾಯಿತು. ಯುದ್ಧದ ಹಡಗಿಗಾದರೆ ಬೂದು ಬಣ್ಣ, ಒಂದೇ ಸಂಜೆಯಲ್ಲಿ ಮುಗಿಯುತ್ತೆ, ತಪ್ಪಾದರೆ ತುಕ್ಕು ಅಂತ ಹೇಳಿ ಮುಚ್ಚಿಹಾಕಬಹುದು. ಅದು ಕಾಣಬಾರದು ಅಂತ ಬಳಿದ ಬಣ್ಣ. ಇದು ಮೈಲಿಗಟ್ಟಲೆ ದೂರಕ್ಕೆ ಕಾಣಲೇಬೇಕು ಅಂತ ಬಳಿದದ್ದು. ಫಿರಂಗಿ ಇಲ್ಲ, ಬೆಂಗಾವಲು ಇಲ್ಲ, ಕಾಪಾಡೋಕೆ ಇದ್ದದ್ದು ಈ ಬಣ್ಣ ಒಂದೇ. ಹಾಗಾಗಿ ಕಿಟ್ ಮಾಡುವವರು ಬೇರೆ ಎಲ್ಲಿ ಕಡಿಮೆ ಮಾಡಿದರೂ ಬಣ್ಣದ ವಿಷಯದಲ್ಲಿ ಕಡಿಮೆ ಮಾಡಬಾರದಿತ್ತು ಅನ್ನೋದು ನನ್ನ ತಕರಾರು.

ಹಸಿರು ಪಟ್ಟಿ ನೋಡಿ. ಯುದ್ಧದ ನಿಯಮಗಳ 1899ರ ಹೇಗ್ ಒಪ್ಪಂದದಲ್ಲಿ ಇದನ್ನು ಅಳತೆ ಸಮೇತ ಬರೆದಿದ್ದಾರೆ: ಸೈನ್ಯದ ಆಸ್ಪತ್ರೆ ಹಡಗು ಪೂರ್ತಿ ಬಿಳಿ ಇರಬೇಕು, ಅಡ್ಡಕ್ಕೆ ಸುಮಾರು ಒಂದೂವರೆ ಮೀಟರ್ ಅಗಲದ ಹಸಿರು ಪಟ್ಟಿ ಇರಬೇಕು. ಖಾಸಗಿಯವರದ್ದೋ ನೆರವಿನ ಸಂಘದ್ದೋ ಆದರೆ ಪಟ್ಟಿ ಕೆಂಪು. 1907ರ ಒಪ್ಪಂದದಲ್ಲೂ ಅದೇ ಉಳಿಯಿತು. ಒಂದೂವರೆ ಮೀಟರ್ ಅಂದರೆ ಈ ಕಿಟ್‌ನಲ್ಲಿ ನಾಲ್ಕು ಮಿಲಿಮೀಟರ್‌ಗೆ ಚೂರು ಕಮ್ಮಿ. ಕಂಪನಿಯವರು ಇದನ್ನೂ ಡೆಕಾಲ್ ಆಗಿ ಕೊಟ್ಟಿದ್ದಾರೆ, ಒಂದೊಂದು ಬದಿಗೆ ನಾಲ್ಕು ತುಂಡು. ತುಂಡಿಗೂ ತುಂಡಿಗೂ ಹಸಿರೇ ಬೇರೆ ಬೇರೆ! ಒಂದು ಪಾಚಿ ಹಸಿರು, ಪಕ್ಕದ್ದು ಗಿಳಿ ಹಸಿರು. ಅವನ್ನು ಬಿಸಾಕಿ ಮಾಸ್ಕಿಂಗ್ ಟೇಪ್ ಹಚ್ಚಿ ನಾನೇ ಬಳಿದೆ. ನೀವೂ ಹಾಗೇ ಮಾಡಿ. ಟೇಪಿನ ಅಂಚಿಗೆ ಮೊದಲು ಒಂದು ಸಲ ಬಿಳಿಯನ್ನೇ ಹೊಡೆದು, ಆಮೇಲೆ ಹಸಿರು ಹೊಡೆದರೆ ಬಣ್ಣ ಒಳಗೆ ಜಾರುವುದಿಲ್ಲ.

ಕೆಂಪು ಶಿಲುಬೆಗಳು ಒಂದೊಂದು ಬದಿಗೆ ಮೂರು, ಹಸಿರು ಪಟ್ಟಿ ಅವುಗಳ ಹತ್ತಿರ ಬಂದು ನಿಂತು ಮತ್ತೆ ಮುಂದುವರಿಯುತ್ತದೆ. ಇಲ್ಲೇ ನನ್ನ ಕೈ ಸುಟ್ಟಿದ್ದು. ನೀರಲ್ಲಿ ನೆನೆಸಿ ಚಿಮಟದಲ್ಲಿ ಎತ್ತಿದ ತಕ್ಷಣ ಎರಡನೇ ಶಿಲುಬೆ ಮಧ್ಯಕ್ಕೆ ಸೀಳಿತು. ಅದನ್ನು ಹೇಗೋ ಜೋಡಿಸಿದೆ. ಐದನೆಯದು ನೀರಿನಲ್ಲೇ ಚೂರಾಯಿತು. ಹಾಗಾಗಿ ನನ್ನ ಹಡಗಿಗೆ ಒಂದು ಬದಿ ಮೂರು ಶಿಲುಬೆ, ಇನ್ನೊಂದು ಬದಿ ಎರಡು. ಶೋಕೇಸ್‌ನಲ್ಲಿ ಒಳ್ಳೆ ಬದಿಯನ್ನು ಮುಂದಕ್ಕೆ ಮಾಡಿ ಇಟ್ಟಿದ್ದೇನೆ.

ಹೊಗೆ ಕೊಳವೆಗಳಿಗೆ ಕೈಪಿಡಿಯಲ್ಲಿ ಮೇಲ್ತುದಿ ಕಪ್ಪು ಅಂತ ಹೇಳಿದ್ದಾರೆ. ಅದು ಪ್ರಯಾಣಿಕರ ಹಡಗಿನ ಲೆಕ್ಕ. ಆಸ್ಪತ್ರೆ ವೇಷದಲ್ಲಿ ನಾಲ್ಕೂ ಕೊಳವೆ ಪೂರ್ತಿ ಮಂಕು ಹಳದಿ. ಕಪ್ಪು ಬಳಿಯಬೇಡಿ.

ಕಿಟ್‌ನ ಅತ್ಯುತ್ತಮ ಭಾಗ ಅಂದರೆ ದೋಣಿ ಇಳಿಸುವ ಕ್ರೇನುಗಳು. ಟೈಟಾನಿಕ್ ಮುಳುಗಿದ ಮೇಲೆ ದೋಣಿ ಸಾಲಲಿಲ್ಲ ಅನ್ನೋ ಗಲಾಟೆ ಆಯ್ತಲ್ಲ, ಅದಕ್ಕೆ ಉತ್ತರವಾಗಿ ಬ್ರಿಟಾನಿಕ್‌ಗೆ ದೈತ್ಯ ಕ್ರೇನು ಹಾಕುವುದು ಅಂತ ಆಯಿತು. ಎಂಟು ಜೊತೆ ಯೋಜನೆ, ಯುದ್ಧದ ಅವಸರದಲ್ಲಿ ಐದು ಜೊತೆ ಮಾತ್ರ ಕೂರಿಸಿದರು, ಉಳಿದ ಕಡೆ ಮಾಮೂಲಿ ಕೊಕ್ಕೆಗಳು. ಕಿಟ್‌ನಲ್ಲೂ ಐದೇ ಜೊತೆ ಇದೆ, ಭೇಷ್. ಕಬ್ಬಿಣದ ಜಾಲರಿಯನ್ನು ತೂತು ತೂತಾಗಿಯೇ ಅಚ್ಚು ಹಾಕಿದ್ದಾರೆ, ಬೆಳಕು ಆಚೆ ಬರುತ್ತೆ. ಬಣ್ಣ ತೆಳ್ಳಗಿರಲಿ, ಇಲ್ಲಾಂದ್ರೆ ತೂತು ಮುಚ್ಚುತ್ತೆ.

ಇನ್ನು ಗುಂಡು ಕಿಟಕಿಗಳು. ಒಡಲಿನ ಮೇಲೆ ನೂರಾರು ಕಿಟಕಿ, ಎಲ್ಲವೂ ಬರೀ ಚುಕ್ಕೆ ಗುಳಿ. ಸಣ್ಣ ಕೈ ಡ್ರಿಲ್ ಇದ್ದರೆ ತೆರೆಯಬಹುದು. ನಾನು ಒಂದು ಸಾಲು ತೆರೆದೆ. ಕೆಳಗಿನ ಸಾಲು, ಮುಂಭಾಗ, ಬಲ ಬದಿ. ಆ ಸಾಲನ್ನೇ ಯಾಕೆ ಅಂತ ಹೇಳುತ್ತೇನೆ, ಯಾಕಂದ್ರೆ ಪುಸ್ತಿಕೆ ಹೇಳುವುದಿಲ್ಲ.

1916ರ ನವೆಂಬರ್ 21, ಬೆಳಗ್ಗೆ 8 ಗಂಟೆ 12 ನಿಮಿಷ. ಹಡಗು ಆರನೇ ಸಲ ಮುದ್ರೋಸ್ ಕಡೆ ಹೊರಟಿತ್ತು, ಗ್ರೀಸಿನ ಕೀಯಾ ದ್ವೀಪದ ಹತ್ತಿರ ಇತ್ತು. ಗಾಯಾಳುಗಳನ್ನು ತರಲು ಹೋಗುತ್ತಿದ್ದದ್ದರಿಂದ ಹಾಸಿಗೆಗಳೆಲ್ಲ ಖಾಲಿ. 3,309 ಹಾಸಿಗೆಗಳಿದ್ದವು ಇದರಲ್ಲಿ, ಒಂದು ಊರಿನ ಜನ ಮಲಗಬಹುದು. ಶ್ರೀಮಂತರಿಗೆ ಅಂತ ಕಟ್ಟಿದ್ದ ಊಟದ ಹಾಲ್ ಮತ್ತು ಪಕ್ಕದ ಸ್ವಾಗತದ ಕೋಣೆಯಲ್ಲಿ ಆಪರೇಷನ್ ಥಿಯೇಟರ್, ದೊಡ್ಡ ವಾರ್ಡ್. ರೋಗಿಗಳು ಬರುವ ಮೊದಲು ವಾರ್ಡಿಗೆ ಗಾಳಿಯಾಡಲಿ ಅಂತ ಕೆಳಗಿನ ಸಾಲಿನ ಕಿಟಕಿಗಳನ್ನು ತೆರೆದಿಟ್ಟಿದ್ದರು. ನಿಯಮದ ಪ್ರಕಾರ ತೆರೆಯುವಂತಿರಲಿಲ್ಲ. ಆದರೆ ಆಸ್ಪತ್ರೆ ನಡೆಸುವವರಿಗೆ ಗಾಳಿ ಮುಖ್ಯ, ಹಡಗು ನಡೆಸುವವರಿಗೆ ಮುಚ್ಚಿದ ಕಿಟಕಿ ಮುಖ್ಯ. ಎರಡೂ ಒಂದೇ ಒಡಲಿನಲ್ಲಿ. ಬಲಗಡೆ ಮುಂಭಾಗಕ್ಕೆ ಮೈನ್, ಅಂದರೆ ಸಮುದ್ರದಲ್ಲಿ ಇಟ್ಟುಹೋದ ಸ್ಫೋಟಕ, ಬಡಿಯಿತು. ಟೈಟಾನಿಕ್ ಪಾಠ ಕಲಿತು ಎರಡು ಪದರದ ಗೋಡೆ ಕಟ್ಟಿದ್ದರು, ಒಳಗಿನ ಅಡ್ಡಗೋಡೆಗಳನ್ನು ಎತ್ತರಿಸಿದ್ದರು. ಆದರೂ ಬಾಯ್ಲರ್ ಕೋಣೆಗಳ ನಡುವಿನ ಒಂದು ಬಾಗಿಲು ಮುಚ್ಚಲಿಲ್ಲ, ಹಡಗು ಬಲಕ್ಕೆ ವಾಲಿತು, ವಾಲಿದ ಕೂಡಲೇ ಆ ತೆರೆದ ಕಿಟಕಿಗಳ ಸಾಲು ನೀರಿನ ಮಟ್ಟಕ್ಕೆ ಬಂತು. ಆಮೇಲೆ ಯಾವ ಗೋಡೆ ಇದ್ದರೇನು. ಕ್ಯಾಪ್ಟನ್ ಚಾರ್ಲ್ಸ್ ಬಾರ್ಟ್ಲೆಟ್ ಹತ್ತಿರದಲ್ಲೇ ಕಾಣುತ್ತಿದ್ದ ದಡಕ್ಕೆ ಹಡಗನ್ನು ಹತ್ತಿಸಿಬಿಡೋಣ ಅಂತ ಮುಂದಕ್ಕೆ ಓಡಿಸಿದರು, ಓಡಿಸಿದಷ್ಟೂ ನೀರು ಜಾಸ್ತಿ ನುಗ್ಗಿತು. ಟೈಟಾನಿಕ್ ಮುಳುಗಲು ಎರಡು ಗಂಟೆ ನಲವತ್ತು ನಿಮಿಷ ಬೇಕಾಗಿತ್ತು. ಇದಕ್ಕೆ 55 ನಿಮಿಷ ಸಾಕಾಯಿತು.

ಸತ್ತವರು 30 ಜನ. ಸಾವಿರಕ್ಕೂ ಹೆಚ್ಚು ಜನ ಬದುಕಿದರು. ಸತ್ತವರಲ್ಲಿ ಹೆಚ್ಚಿನವರು ಹಡಗಿನ ಜೊತೆ ಮುಳುಗಿದವರಲ್ಲ. ಆದೇಶ ಇಲ್ಲದೆ ಎರಡು ದೋಣಿ ಇಳಿಸಿಬಿಟ್ಟಿದ್ದರು, ಹಿಂದೆ ಪ್ರೊಪೆಲ್ಲರ್ ಇನ್ನೂ ತಿರುಗುತ್ತಿತ್ತು, ದೋಣಿಗಳನ್ನು ಸೆಳೆದುಕೊಂಡಿತು. ವಯಲೆಟ್ ಜೆಸಪ್ ಅನ್ನೋ ಹೆಂಗಸು ಅಂಥ ಒಂದು ದೋಣಿಯಿಂದ ನೀರಿಗೆ ಹಾರಿ ತಲೆಗೆ ಪೆಟ್ಟು ತಿಂದು ಬದುಕಿದರು. ಇವರು ಟೈಟಾನಿಕ್‌ನಿಂದಲೂ ಬದುಕಿ ಬಂದವರು. ಕಿಟ್‌ನ ಪ್ರೊಪೆಲ್ಲರ್ ಮೂರೂ ಚೆನ್ನಾಗಿವೆ, ಕಂಚಿನ ಬಣ್ಣ ಒಪ್ಪುತ್ತದೆ, ಆದರೆ ಅವನ್ನು ಅಂಟಿಸುವ ದಿನ ಮನಸ್ಸು ಏನೋ ಆಯಿತು, ಅರ್ಧಕ್ಕೇ ಎದ್ದುಬಿಟ್ಟೆ.

ಆ ಮೈನ್ ಇಟ್ಟದ್ದು ಯು-73 ಅನ್ನೋ ಜರ್ಮನ್ ಸಬ್‌ಮೆರಿನ್, ವಾರಗಳ ಹಿಂದೆಯೇ ಇಟ್ಟು ಹೋಗಿತ್ತು. ಎರಡು ದಿನದ ನಂತರ ಅದೇ ಸುತ್ತಮುತ್ತ ಬ್ರೇಮರ್ ಕ್ಯಾಸಲ್ ಅನ್ನೋ ಇನ್ನೊಂದು ಆಸ್ಪತ್ರೆ ಹಡಗಿಗೂ ಮೈನ್ ಬಡಿಯಿತು, ಅದು ಹೇಗೋ ಉಳಿಯಿತು. ಬಿಳಿ ಬಳಿದು, ಹಸಿರು ಎಳೆದು, ಕೆಂಪು ಶಿಲುಬೆ ಹಾಕಿ ಏನು ಬಂತು, ಮೈನಿಗೆ ಕಣ್ಣಿಲ್ಲವಲ್ಲ.

ಕಣ್ಣಿದ್ದವರ ಕಥೆಯೂ ಇದೆ, ಪುಸ್ತಿಕೆಯಲ್ಲಿ ಅದೂ ಇಲ್ಲ. ಹನ್ನೆರಡು ಪುಟದಲ್ಲಿ ಏಳು ಪುಟ ಟೈಟಾನಿಕ್‌ಗೇ ಹೋಗಿದೆ, ಎರಡು ಪುಟ ಕಂಪನಿಯ ಬೇರೆ ಕಿಟ್‌ಗಳ ಜಾಹೀರಾತು. 'ಆಸ್ಪತ್ರೆ ಹಡಗುಗಳನ್ನು ಎಲ್ಲರೂ ಗೌರವಿಸುತ್ತಿದ್ದರು' ಅಂತ ಒಂದು ಸಾಲು ಬರೆದು ಕೈತೊಳೆದುಕೊಂಡಿದ್ದಾರೆ. ಎಲ್ಲಿ ಸ್ವಾಮಿ ಗೌರವಿಸಿದ್ದು? ಅನುಮಾನ ಎರಡೂ ಕಡೆ ಇತ್ತು. 1914ರ ಅಕ್ಟೋಬರ್‌ನಲ್ಲೇ ಬ್ರಿಟಿಷರು ಒಫೇಲಿಯಾ ಅನ್ನೋ ಜರ್ಮನ್ ಆಸ್ಪತ್ರೆ ಹಡಗನ್ನು ಹಿಡಿದರು. ಸಿಗ್ನಲ್ ಕೊಡುವ ಸಾಮಾನು ಬೇಕಾದ್ದಕ್ಕಿಂತ ಜಾಸ್ತಿ ಇದೆ, ಇದು ಗೂಢಚಾರಿಕೆ ಅಂತ ಅವರ ಕೋರ್ಟು ತೀರ್ಪು ಕೊಟ್ಟಿತು. ಜರ್ಮನಿ 1917ರ ಜನವರಿಯಲ್ಲಿ, ನಿಮ್ಮ ಆಸ್ಪತ್ರೆ ಹಡಗಿನಲ್ಲಿ ಸೈನಿಕರೂ ಮದ್ದುಗುಂಡೂ ಹೋಗುತ್ತಿವೆ, ಇನ್ನು ಇಂಥಿಂಥ ಸಮುದ್ರದಲ್ಲಿ ಬಿಡುವುದಿಲ್ಲ ಅಂತ ಸಾರಿತು. ಬ್ರಿಟಿಷರು ಕೆಲವು ಹಡಗುಗಳ ಬಿಳಿ ಬಣ್ಣವನ್ನೇ ತೆಗೆದು, ಬೆಂಗಾವಲು ಕೊಟ್ಟು ಕಳಿಸತೊಡಗಿದರು. 1917ರ ಏಪ್ರಿಲ್ 17ರಂದು ಒಂದೇ ದಿನ ಇಂಗ್ಲಿಷ್ ಕಾಲುವೆಯಲ್ಲಿ ಎರಡು ಹಡಗಿಗೆ ಟಾರ್ಪೆಡೊ ಬಿತ್ತು. ಲ್ಯಾನ್‌ಫ್ರಾಂಕ್‌ಗೆ ಶಿಲುಬೆ ಗುರುತು ಇತ್ತು, ಒಳಗೆ ಗಾಯಗೊಂಡ ಜರ್ಮನ್ ಕೈದಿಗಳೂ ಇದ್ದರು. ಡೊನೆಗಲ್‌ಗೆ ಗುರುತು ಇರಲಿಲ್ಲ, ಬೆಂಗಾವಲು ಇತ್ತು. ಎರಡೂ ಮುಳುಗಿದವು. ಡೊನೆಗಲ್‌ನಲ್ಲಿ ಸತ್ತವರಲ್ಲಿ ಆರ್ಚಿ ಜ್ಯೂಯೆಲ್ ಒಬ್ಬರು. ಟೈಟಾನಿಕ್‌ನಲ್ಲಿ ಕಾವಲು ನೋಡುವ ಕೆಲಸ ಮಾಡಿ ಬದುಕಿದ್ದರು, ಬ್ರಿಟಾನಿಕ್‌ನಿಂದಲೂ ಬದುಕಿದ್ದರು. ಅದೇ ಡೊನೆಗಲ್‌ನಲ್ಲಿ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವ ಆರ್ಥರ್ ಪ್ರೀಸ್ಟ್ ಕೂಡ ಇದ್ದರು, ಆ ಮನುಷ್ಯ ಟೈಟಾನಿಕ್, ಬ್ರಿಟಾನಿಕ್, ಡೊನೆಗಲ್ ಮೂರರಿಂದಲೂ ಎದ್ದು ಬಂದ.

1918ರ ಜೂನ್ 27ಕ್ಕೆ ಕೆನಡಾದ ಲ್ಯಾಂಡೊವರಿ ಕ್ಯಾಸಲ್. ರಾತ್ರಿ, ದೀಪ ಉರಿಯುತ್ತಿತ್ತು, ಗುರುತು ಕಾಣುತ್ತಿತ್ತು. ಯು-86 ಹೊಡೆಯಿತು. ಹಡಗಿನಲ್ಲಿ ಅಮೆರಿಕದ ವಿಮಾನದಳದವರಿದ್ದಾರೆ ಅಂತ ಸಬ್‌ಮೆರಿನ್‌ನವರಿಗೆ ಗುಮಾನಿ, ಯಾರೂ ಇರಲಿಲ್ಲ. ಆಮೇಲೆ ಸಾಕ್ಷಿ ಉಳಿಯಬಾರದು ಅಂತ ದೋಣಿಗಳ ಮೇಲೆ ನುಗ್ಗಿ, ಗುಂಡು ಹಾರಿಸಿದರು. 258 ಜನರಲ್ಲಿ 24 ಜನ ಉಳಿದರು, ಒಂದೇ ದೋಣಿಯಲ್ಲಿ. ಹದಿನಾಲ್ಕು ನರ್ಸ್‌ಗಳಲ್ಲಿ ಒಬ್ಬರೂ ಉಳಿಯಲಿಲ್ಲ. 1921ರಲ್ಲಿ ಲೈಪ್‌ಜಿಗ್‌ನ ಜರ್ಮನ್ ಕೋರ್ಟೇ ಇಬ್ಬರು ಅಧಿಕಾರಿಗಳಿಗೆ ನಾಲ್ಕು ವರ್ಷ ಶಿಕ್ಷೆ ಕೊಟ್ಟಿತು. ಮೇಲಿನವರು ಹೇಳಿದರು, ಅದಕ್ಕೆ ಮಾಡಿದೆವು ಅನ್ನೋ ಮಾತು ಇಲ್ಲಿ ನಡೆಯಲ್ಲ, ಇದು ತಪ್ಪು ಅಂತ ಯಾರಿಗಾದರೂ ಗೊತ್ತಾಗುತ್ತೆ ಅಂದಿತು. ಇಬ್ಬರೂ ಸ್ವಲ್ಪ ಸಮಯಕ್ಕೇ ಜೈಲಿನಿಂದ ತಪ್ಪಿಸಿಕೊಂಡರು. ಎರಡನೇ ಯುದ್ಧದಲ್ಲಿ, 1943ರ ಮೇ 14ರ ಬೆಳಗಿನ ಜಾವ, ಆಸ್ಟ್ರೇಲಿಯಾದ ಸೆಂಟಾರ್‌ಗೂ ಅದೇ ಗತಿ, ಜಪಾನಿನ ಸಬ್‌ಮೆರಿನ್‌ನಿಂದ. 332ರಲ್ಲಿ 64 ಜನ ಬದುಕಿದರು, ಹನ್ನೆರಡು ನರ್ಸ್‌ಗಳಲ್ಲಿ ಎಲೆನ್ ಸಾವೇಜ್ ಒಬ್ಬರೇ.

ಹಾಗಾದರೆ ಈ ಹಡಗುಗಳು ಬೇಕಿತ್ತಾ ಅಂತ ಕೇಳಬಹುದು. ಇಲ್ಲದಿದ್ದರೆ ಏನಾಗುತ್ತೆ ಅಂತ ನೋಡಲು ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕ್‌ಗೆ, ಹೋಗಬೇಕು. 1915ರ ಕೊನೆ, ಬ್ರಿಟಿಷರಿಗೂ ತುರ್ಕರಿಗೂ ಟೆಸಿಫಾನ್ ಕದನ ಆದ ಮೇಲೆ. ಈ ದಂಡಯಾತ್ರೆಯ ವ್ಯವಸ್ಥೆ ಭಾರತದ ಬ್ರಿಟಿಷ್ ಸರ್ಕಾರದ್ದು, ಸೈನಿಕರಲ್ಲೂ ಭಾರತದವರು ಬಹಳ. ಟೈಗ್ರಿಸ್ ನದಿಯಲ್ಲಿ ಆಸ್ಪತ್ರೆ ದೋಣಿಗಳ ವ್ಯವಸ್ಥೆ ಸರಿಯಾಗಿರಲಿಲ್ಲ. ಸಾಮಾನು ಸಾಗಿಸುವ ಸ್ಟೀಮರ್‌ಗಳಲ್ಲೇ ಗಾಯಾಳುಗಳನ್ನು ತುಂಬಿ ಬಸ್ರಾಕ್ಕೆ ಕಳಿಸಿದರು. ಅಲ್ಲಿ ವರೇಲಾ ಅನ್ನೋ ಆಸ್ಪತ್ರೆ ಹಡಗು ಕಾಯುತ್ತಿತ್ತು, ಅದರ ವೈದ್ಯಾಧಿಕಾರಿ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಮೇಜರ್ ಕಾರ್ಟರ್. ಮೆಜಿದಿಯೆ ಅನ್ನೋ ಸ್ಟೀಮರ್ ಬರುವುದನ್ನು ಅವರು ನೋಡಿದರು. ಪಕ್ಕಗಳಲ್ಲಿ ಹಗ್ಗ ಇಳಿಬಿಟ್ಟ ಹಾಗೆ ಕಂಡಿತಂತೆ. ಹತ್ತಿರ ಬಂದಾಗ ಗೊತ್ತಾಯಿತು, ಅದು ಹಗ್ಗ ಅಲ್ಲ, ಮಲ. ಒಳಗೆ ಜನ ಕದಲಲೂ ಆಗದ ಹಾಗೆ ಒತ್ತಿಕೊಂಡು ಬಿದ್ದಿದ್ದರು, ಹೊರಗೆ ಹರಿದದ್ದು ಅಲ್ಲೇ ಒಣಗಿ ಜೋತುಬಿದ್ದಿತ್ತು. ಕಾರ್ಟರ್ ದೂರು ಕೊಟ್ಟರೆ, ಸುಮ್ನೆ ಮೂಗು ತೂರಿಸುತ್ತೀಯ, ಅರೆಸ್ಟ್ ಮಾಡಿಸುತ್ತೇವೆ ಅಂತ ಮೇಲಧಿಕಾರಿಗಳು ಹೆದರಿಸಿದರು. 1917ರಲ್ಲಿ ಈ ದಂಡಯಾತ್ರೆಯ ತನಿಖಾ ಆಯೋಗದ ವರದಿ ಬಂದಾಗ ಇದೆಲ್ಲ ಬಯಲಾಯಿತು. ಬಿಳಿ ಹಡಗಿನ ಬೆಲೆ ನನಗೆ ಅರ್ಥವಾದದ್ದು ಆ ಸ್ಟೀಮರ್‌ನಿಂದ.

ಅದಕ್ಕೆ ಹೋಲಿಸಿದರೆ ಅರ್ಧ ಶತಮಾನ ಹಳೆಯ ರೆಡ್ ರೋವರ್ ಎಷ್ಟೋ ವಾಸಿ. ಅಮೆರಿಕದ ಅಂತರ್ಯುದ್ಧದಲ್ಲಿ, 1862ರಲ್ಲಿ, ಎದುರಾಳಿಗಳಿಂದ ಕಿತ್ತುಕೊಂಡ ನದಿ ಸ್ಟೀಮರ್ ಅದು. ಆಪರೇಷನ್ ಕೋಣೆ, ಕೆಳಗಿಂದ ಮೇಲೆ ಹೋಗಲು ಲಿಫ್ಟು, ರಾಶಿ ಐಸು, ಎಲ್ಲ ಇತ್ತು. ಕೊಳವೆಯ ಕಿಡಿ ಮಸಿ ರೋಗಿಗಳ ಮೇಲೆ ಬೀಳದಿರಲಿ ಅಂತ ಕಿಟಕಿಗೆ ತೆಳು ಬಟ್ಟೆ ಕಟ್ಟಿದ್ದರು. ಅಲ್ಲಿ ಕೆಲಸ ಮಾಡಿದ ನರ್ಸ್‌ಗಳಲ್ಲಿ ಕ್ರೈಸ್ತ ಸನ್ಯಾಸಿನಿಯರು, ಆನ್ ಸ್ಟೋಕ್ಸ್‌ರಂಥ ಕಪ್ಪು ಮಹಿಳೆಯರು ಇದ್ದರು. ಇದರ ಕಿಟ್ ಯಾರಾದರೂ ಮಾಡಿದರೆ ಕಣ್ಣು ಮುಚ್ಚಿ ಕೊಳ್ಳುತ್ತೇನೆ.

ದೀಪದ ಬಗ್ಗೆ ಒಂದು ಮಾತು. ಕಿಟ್‌ನಲ್ಲಿ ಎಲ್‌ಇಡಿಗೆ ಜಾಗ ಬಿಟ್ಟಿಲ್ಲ. ಬಿಡಬೇಕಿತ್ತು. ಯುದ್ಧಕಾಲದಲ್ಲಿ ಬೇರೆ ಹಡಗುಗಳು ಬೆಂಕಿಕಡ್ಡಿ ಗೀರುವುದಕ್ಕೂ ಹೆದರುತ್ತಿದ್ದಾಗ ಇವು ಸಾಲು ಹಸಿರು ದೀಪ ಹಚ್ಚಿ, ಶಿಲುಬೆಯ ಮೇಲೆ ಬೆಳಕು ಬಿಟ್ಟುಕೊಂಡು ಹೋಗುತ್ತಿದ್ದವು. ನಾನು ಡೆಕ್ ಅಂಟಿಸುವ ಮೊದಲೇ ತಂತಿ ಎಳೆದು ಒಂದು ಸಾಲು ಹಾಕಿದೆ. ಕೋಣೆಯ ಲೈಟ್ ಆರಿಸಿದರೆ, ಒಂದು ಶಿಲುಬೆ ಇಲ್ಲದ ಬದಿ ಕೂಡ ಚೆನ್ನಾಗಿಯೇ ಕಾಣುತ್ತದೆ.

ಪುಸ್ತಿಕೆಯ ಕೊನೆಯ ಪುಟದಲ್ಲಿ 'ಇಂದಿನ ಆಸ್ಪತ್ರೆ ಹಡಗುಗಳಿಗೂ ಹಸಿರು ಪಟ್ಟಿ ಕಡ್ಡಾಯ' ಅಂತಿದೆ, ಅದೂ ತಪ್ಪು. 1949ರ ಜಿನೀವಾ ಒಪ್ಪಂದದಲ್ಲಿ ಪಟ್ಟಿ ಬಿಟ್ಟುಹೋಯಿತು. ಈಗ ಪೂರ್ತಿ ಬಿಳಿ, ಮೇಲೆ ಆದಷ್ಟು ದೊಡ್ಡ ಕಡುಗೆಂಪು ಶಿಲುಬೆ, ವಿಮಾನದಿಂದ ಕಾಣುವ ಹಾಗೆ ಡೆಕ್ಕಿನ ಮೇಲೂ. ಬಳಕೆಗೆ ಹತ್ತು ದಿನ ಮೊದಲು ಹಡಗಿನ ಹೆಸರು, ಅಳತೆ ಎದುರಾಳಿಗೆ ತಿಳಿಸಬೇಕು. ಗುಪ್ತ ಸಂಕೇತದಲ್ಲಿ ರೇಡಿಯೊ ಸಂದೇಶ ಕಳಿಸುವಂತಿಲ್ಲ. 1982ರಲ್ಲಿ ಬ್ರಿಟನ್-ಅರ್ಜೆಂಟೀನಾ ನಡುವಿನ ಫಾಕ್‌ಲ್ಯಾಂಡ್ಸ್ ಯುದ್ಧಕ್ಕೆ ಶಾಲಾ ಮಕ್ಕಳನ್ನು ಸುತ್ತಾಡಿಸುತ್ತಿದ್ದ ಉಗಾಂಡಾ ಹಡಗನ್ನು ಜಿಬ್ರಾಲ್ಟರ್‌ನಲ್ಲಿ ಸುಮಾರು ಮೂರು ದಿನದಲ್ಲಿ ಆಸ್ಪತ್ರೆ ಮಾಡಿದರು. ಎರಡೂ ದೇಶದವರು ಒಪ್ಪಿ ಸಮುದ್ರದಲ್ಲಿ ಒಂದು ಚೌಕಾಕಾರದ ಜಾಗವನ್ನು ಬಿಟ್ಟುಕೊಟ್ಟರು, ಎರಡೂ ಕಡೆಯ ಗಾಯಾಳುಗಳಿಗೆ ಅಲ್ಲಿ ಚಿಕಿತ್ಸೆ ಆಯಿತು. ಒಪ್ಪಂದ ಅಕ್ಷರಕ್ಕಕ್ಷರ ನಡೆದ ಉದಾಹರಣೆ ಬೇಕೆಂದರೆ ಅದೇ. ಅಮೆರಿಕದ ಮರ್ಸಿ, ಕಂಫರ್ಟ್ ಬಗ್ಗೆ ಜಾಸ್ತಿ ಹೇಳಲ್ಲ, ಎಣ್ಣೆ ಹಡಗುಗಳನ್ನು ಬದಲಾಯಿಸಿ ಮಾಡಿದವು, ಸಾವಿರ ಹಾಸಿಗೆ, ಹನ್ನೆರಡು ಆಪರೇಷನ್ ಕೋಣೆ. ಅವುಗಳಿಗೂ ಹಸಿರು ಪಟ್ಟಿ ಇಲ್ಲ.

ಹೊಸಬರಿಗೆ ಈ ಕಿಟ್ ಬೇಡ. ಮೊದಲು ಬೂದು ಹಡಗು ಒಂದೆರಡು ಮಾಡಿ ಕೈ ಕುದುರಿಸಿಕೊಳ್ಳಿ. ಅನುಭವ ಇದ್ದವರು ಕೊಳ್ಳಬಹುದು, ಆದರೆ ಡೆಕಾಲ್ ನೀರಿಗೆ ಹಾಕುವ ಮೊದಲು ಇಡೀ ಹಾಳೆಗೆ ಎರಡು ಕೋಟ್ ಕ್ಲಿಯರ್ ವಾರ್ನಿಷ್ ಹೊಡೆಯಿರಿ, ಆಗ ಸೀಳುವುದಿಲ್ಲ. ಈ ಬುದ್ಧಿ ನನಗೆ ಐದನೇ ಶಿಲುಬೆ ಹೋದ ಮೇಲೆ ಬಂತು.

ಆ ಒಂದು ಶಿಲುಬೆಗಾಗಿ ಕಂಪನಿಗೆ ಎರಡು ಸಲ ಮೇಲ್ ಮಾಡಿದೆ, ಫೋಟೊ ಸಮೇತ, ಭಾಗದ ನಂಬರ್ ಸಮೇತ. ಐದು ವಾರ ಆದ ಮೇಲೆ ಲಕೋಟೆ ಬಂತು. ಕ್ಷಮೆ ಕೇಳಿ ಚೀಟಿ ಇಟ್ಟಿದ್ದಾರೆ. ಜೊತೆಗೆ ಹೊಚ್ಚ ಹೊಸ ಡೆಕಾಲ್ ಹಾಳೆ: ಕಪ್ಪು ಒಡಲಿನದ್ದು, ಚಿನ್ನದ ಗೆರೆಯದ್ದು.